ಇಳಿಜಾರಿನ ಬಾಂದುಕಲ್ಲು

ನನ್ನ ಬ್ಯಾಗಿನಲ್ಲಿ ಊಟದ ಡಬ್ಬಿ ಇರದಿದ್ದರೂ ಒಂದು ತೂಕದಗುಂಡು ಇದ್ದೇ ಇರುತ್ತದೆ. ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲು ಗಾರೆಯವರು ದಾರಕ್ಕೆ ಕಟ್ಟಿ ಇಳಿಬಿಡುವ ಹಿತ್ತಾಳೆಯ ಗುಂಡು ಅದು. ನೆಂಟರ ಮನೆಗೆ ಹೋದರೂ ಕಾಫಿ ಬರುವಷ್ಟರಲ್ಲಿ ಬಾಗಿಲ ಚೌಕಟ್ಟಿಗೆ ಅದನ್ನು ಇಳಿಬಿಟ್ಟು ನೋಡುವ ಚಾಳಿ ನನಗೆ. "ನನ್ನ ನೋಡಕ್ಕೆ ಬಂದಾಗ್ಲೂ ಇವ್ರು ನೋಡಿದ್ದು ನಮ್ಮನೆ ಗೋಡೆನೇ" ಎಂದು ಹೆಂಡತಿ ಇಂದಿಗೂ ಆಡಿಕೊಳ್ಳುತ್ತಾಳೆ. ಸೊಟ್ಟಗಿರುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗೋಡೆಯಾದರೂ ಸರಿ, ಮನುಷ್ಯರಾದರೂ ಸರಿ, ಬೈದುಬಿಡುತ್ತೇನೆ. ಅಂಥವನು ಒಂದು ಇಡೀ ಇಳಿಜಾರು ಜರುಗುತ್ತಿರುವುದನ್ನು ಕಣ್ಣೆದುರಿಗೇ ಇಟ್ಟುಕೊಂಡು ನೋಡದೆ ಹೋದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಡಿಪ್ಲೊಮಾ ಓದಿದ ಸಿವಿಲ್ ಇಂಜಿನಿಯರ್. ಮನೆ ಚನ್ನರಾಯಪಟ್ಟಣದಲ್ಲಿ, ಕೆಲಸ ಹಾಸನದ ಸುತ್ತಮುತ್ತ. ನನಗೆ ಇರುವವಳು ಒಬ್ಬಳೇ ಅಕ್ಕ. ಅವಳನ್ನು ಹೊಳೆನರಸೀಪುರಕ್ಕೆ ಕೊಟ್ಟಿದ್ದು. ಭಾವ ಹೈಸ್ಕೂಲು ಮೇಷ್ಟ್ರು. ಮದುವೆಯಾದಾಗಿನಿಂದ ಅಕ್ಕ ಇದ್ದದ್ದೆಲ್ಲ ಬಾಡಿಗೆ ಮನೆಗಳಲ್ಲಿ. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಓನರನ್ನು ಕೇಳಿಯೇ ಹೊಡೆದವಳು. ಭಾವ ನಿವೃತ್ತರಾದ ಮೇಲೆ ಹಳ್ಳಿಮೈಸೂರು ದಾಟಿ ಅರಕಲಗೂಡಿನ ಕಡೆಗೆ ಹೋಗುವ ರಸ್ತೆಯ ಪಕ್ಕದ ಇಳಿಜಾರಿನಲ್ಲಿ ಒಂದು ತುಂಡು ಜಮೀನು ಕೊಂಡರು. ಮೇಲೆ ನಾಲೆ, ಕೆಳಗೆ ಗದ್ದೆ, ನಡುವೆ ಈ ಜಾಗ. "ನನ್ನ ಮನೆ ನೀನೇ ಕಟ್ಬೇಕು ಕಣೋ" ಎಂದಳು ಅಕ್ಕ. ನಾನು ಉಬ್ಬಿಹೋದೆ.

ಜಮೀನು ಮಾರಿದವರು ಎಂಬತ್ತು ದಾಟಿದ ಒಬ್ಬ ಹಿರಿಯರು. ಇಳಿಜಾರಿನ ಮೇಲಿನ ಅರ್ಧ ಅವರದು, ಕೆಳಗಿನ ಅರ್ಧ ಅವರ ತಮ್ಮನದು. ಅಣ್ಣ ಎಷ್ಟೋ ವರ್ಷದ ಹಿಂದೆಯೇ ಊರು ಬಿಟ್ಟು ಚನ್ನರಾಯಪಟ್ಟಣದಲ್ಲಿ ಮಕ್ಕಳ ಜೊತೆ ಇದ್ದರು. ತಮ್ಮ ಅಲ್ಲೇ ಉಳಿದು ಗದ್ದೆ ಮಾಡಿಕೊಂಡಿದ್ದರು. ಹೊಳೆನರಸೀಪುರದಲ್ಲಿ ರಿಜಿಸ್ಟ್ರಿ ಮುಗಿದ ದಿನ ಆ ಹಿರಿಯರು ಜಗುಲಿಯ ಮೇಲೆ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು.

"ಇಂಜಿನೇರಪ್ಪಾ, ಮಧ್ಯದಲ್ಲೊಂದು ಬಾಂದುಕಲ್ಲು ಐತೆ. ಆ ಕಲ್ಲ ನಾ ಮುಟ್ಟಿಲ್ಲ ಅಂತ ನನ್ನ ತಮ್ಮಂಗೆ ಏಳು. ನಾನೇಳಿದ್ರೆ ಅವ ಕೇಳಾಕಿಲ್ಲ."

"ಆಗಲಿ ಯಜಮಾನ್ರೇ" ಎಂದೆ. ಬಾಂದುಕಲ್ಲು ಅಂದರೆ ಎರಡು ಜಮೀನಿನ ನಡುವೆ ಸರ್ವೆಯವರು ನೆಡುವ ಗಡಿಯ ಕಲ್ಲು. ಆ ಕಲ್ಲಿನ ವಿಷಯಕ್ಕೆ ಮುಖ ನೋಡದ ಅಣ್ಣತಮ್ಮಂದಿರು ನಮ್ಮ ಕಡೆ ಊರಿಗೆ ಹತ್ತು ಜನ ಸಿಗುತ್ತಾರೆ. ಅವರ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು, ಭಾವ ಕೊಡಿಸಿದ ಮಸಾಲೆ ದೋಸೆಯ ಕಡೆ ನಡೆದೆ.

ಮೊದಲ ದಿನ ಜಾಗ ನೋಡಲು ಹೋದಾಗ ಮಧ್ಯಾಹ್ನದ ಹೊತ್ತು. ಅಲ್ಲಿ ಏಳೆಂಟು ಹೊಂಗೆ, ಬೇವಿನ ಮರಗಳಿದ್ದವು. ಒಂದೊಂದೂ ಬುಡದಲ್ಲಿ ಕುಡುಗೋಲಿನ ಹಾಗೆ ಕೆಳಗಡೆಗೆ ಬಾಗಿ, ಆಮೇಲೆ ನೆಟ್ಟಗೆ ಮೇಲೆ ಹೋಗಿತ್ತು. ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ಅಳತೆಗೆ. ಅವುಗಳ ನಡುವೆ ನಿಂತರೆ ಯಾರೋ ಹಿಂದಿನಿಂದ ಮೆಲ್ಲಗೆ ತಳ್ಳಿದ ಹಾಗೆ ಅನ್ನಿಸಿ ಕಾಲು ಊರಿ ನಿಲ್ಲಬೇಕಾಯಿತು. "ಯಾಕೋ ಹಿಂಗಿವೆ ಮರಗಳು?" ಎಂದು ಅಕ್ಕ ಕೇಳಿದಳು. "ಗಾಳಿಗೆ" ಎಂದುಬಿಟ್ಟೆ. ಹಾಗೆ ಬುಡ ಬಾಗಿದ ಮರಗಳಿದ್ದರೆ ಮಣ್ಣು ವರ್ಷ ವರ್ಷವೂ ಚೂರು ಚೂರೇ ಕೆಳಗೆ ಸರಿಯುತ್ತಿದೆ ಎಂದು ಅರ್ಥ. ಪರೀಕ್ಷೆಯಲ್ಲಿ ಇದನ್ನೇ ಬರೆದು ಮಾರ್ಕು ತೆಗೆದುಕೊಂಡಿದ್ದೆ. ಆದರೆ ಪರೀಕ್ಷೆಯಲ್ಲಿ ಬರೆದದ್ದು ಗುಡ್ಡದ ಮೇಲೆ ನಿಂತಾಗ ನೆನಪಿಗೆ ಬರಬೇಕಲ್ಲ.

ಸರ್ವೆಯರನ್ನು ಕರೆಸಿದೆವು. ನಕಾಶೆ ಹಿಡಿದು ಅಳೆದರೆ ಬಾಂದುಕಲ್ಲು ಇರಬೇಕಾದ ಜಾಗದಿಂದ ಎರಡು ಅಡಿಗೂ ಮಿಕ್ಕಿ ಕೆಳಗೆ, ಅಂದರೆ ತಮ್ಮನ ಜಮೀನಿನೊಳಗೆ ನಿಂತಿತ್ತು. ಅಷ್ಟರಲ್ಲಿ ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಆ ತಮ್ಮನೇ ಬಂದರು. ತಮ್ಮ ಅಂದರೂ ಎಪ್ಪತ್ತೈದು ದಾಟಿದ ಮುದುಕರು, ಮೈ ಮಾತ್ರ ಕಬ್ಬಿಣ.

"ನೋಡ್ದ್ರಾ ಸಾ, ನಾನೇಳಿದ್ರೆ ಊರು ನಂಬ್ತಿರ್ನಿಲ್ಲ. ನಾಲೆ ಬಂದ ವರ್ಸದಿಂದ ನಮ್ಮಣ್ಣ ಈ ಕಲ್ಲ ಕಿತ್ತು ಕಿತ್ತು ನನ್ನ ಜಮೀನೊಳೀಕೆ ನೆಡ್ತಾ ಬಂದ. ಒಡುಟ್ಟಿದೋನು ಮಾಡೋ ಕೆಲ್ಸವಾ? ಬಾಂದು ಕಿತ್ತೋನ ಮನೆ ನಿಲ್ಲಾಕಿಲ್ಲ ಸಾ. ಅವನ ಮನೆ ಇದೇ ಜಾಗದಾಗಿತ್ತು. ಎರಡು ಸಲ ಗ್ವಾಡೆ ಬಿತ್ತು. ಅದ್ಕೇ ಓಡೋದ."

ಇದನ್ನೆಲ್ಲ ನಾನು ತಲೆ ಆಡಿಸುತ್ತ ಕೇಳಿದೆ. ಅದೇ ಜಾಗದಲ್ಲಿ ಒಂದು ಮನೆಯ ಗೋಡೆ ಎರಡು ಸಲ ಬಿದ್ದಿದೆ ಎಂದು ಒಬ್ಬರು ಬಾಯಿಬಿಟ್ಟು ಹೇಳುತ್ತಿದ್ದಾರೆ, ನಾನು ಅದನ್ನು ಅಣ್ಣತಮ್ಮಂದಿರ ಜಗಳ ಎಂದು ಕೇಳುತ್ತಿದ್ದೇನೆ. ನಮ್ಮ ಕಡೆಯವರಿಗೆ ಕಲ್ಲು ಜರುಗಿದೆ ಎಂದ ತಕ್ಷಣ ಕಾಣುವುದು ಮನುಷ್ಯನ ಕೈ. ನಾನೂ ಆ ನೀರನ್ನೇ ಕುಡಿದವನು.

ಕಲ್ಲನ್ನು ಕಿತ್ತು ನಕಾಶೆಯ ಜಾಗಕ್ಕೆ ನೆಡುವುದೆಂದಾಯಿತು. ಮುದುಕರು ತಾವೇ ಅಗೆದರು. ಕಲ್ಲು ಎದ್ದ ಮೇಲೆ ಗುಂಡಿಯ ತಳದಿಂದ ಕಪ್ಪಗೆ ಏನೋ ಬಂತು. ಇದ್ದಿಲು. ಅವರು ಅದನ್ನು ಬೊಗಸೆಯಲ್ಲಿ ಎತ್ತಿಕೊಂಡು ನನಗೆ ತೋರಿಸಿದರು.

"ನಮ್ಮಪ್ಪ ಇಕ್ಕಿದ್ದು ಸಾ. ಇದು ಸಾಕ್ಷಿ. ಇದ್ದಿಲ ಗೆದ್ಲು ತಿನ್ನಾಕಿಲ್ಲ, ಮಣ್ಣು ಕೊಳೆಸಾಕಿಲ್ಲ. ಯಾವನಾರ ಕಲ್ಲ ಕಿತ್ತು ಅತ್ತಾಗೆ ನೆಟ್ರೂ ಇದ್ದಿಲು ಮಾತ್ರ ಇದ್ದಲ್ಲೇ ಇರ್ತದೆ. ಅಗೆದು ನೋಡಿದ್ರೆ ಕಳ್ಳ ಸಿಕ್ಕಾಕ್ಕಂತಾನೆ."

ಹೀಗೆಂದು ಆ ಇದ್ದಿಲನ್ನೇ ಹೊಸ ಗುಂಡಿಗೆ ಸುರಿದು, ಅದರ ಮೇಲೆ ಕಲ್ಲು ಇಟ್ಟು, ಸುತ್ತ ಮಣ್ಣು ತುಂಬಿ ಕಾಲಲ್ಲಿ ತುಳಿದರು. ಸರ್ವೆಯರ್, ಭಾವ, ನಾನು, ಮೂವರೂ ನೋಡುತ್ತ ನಿಂತಿದ್ದೆವು. ಆ ಕಲ್ಲಿನಿಂದ, ನೆಲದಡಿಯ ಬಂಡೆಯೇ ಎದ್ದು ಕಾಣುತ್ತಿದ್ದ ಎರಡು ಹಾಸುಬಂಡೆಗಳಿಗೆ ಟೇಪು ಹಿಡಿದು ಅಳತೆ ಬರೆದುಕೊಂಡೆ. ಅಣ್ಣ ಹೇಳಿಕಳಿಸಿದ ಮಾತು ಆಗ ನೆನಪಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ನೆನಪಾಯಿತು. ಕಳ್ಳ ತಾನು ಕಳ್ಳನಲ್ಲ ಅನ್ನದೆ ಇನ್ನೇನಂತಾನೆ ಎಂದುಕೊಂಡು ಸುಮ್ಮನಾದೆ.

ಇಳಿಜಾರಾದ್ದರಿಂದ ಮನೆಯನ್ನು ಪೈಲುಗಳ ಮೇಲೆ ನಿಲ್ಲಿಸೋಣ ಎಂದೆ. ಪೈಲು ಅಂದರೆ ನೆಲಕ್ಕೆ ಬಾವಿಯ ಹಾಗೆ ಕಿರಿದಾದ ಆಳದ ತೂತು ಕೊರೆದು, ಕಂಬಿಯ ಪಂಜರ ಇಳಿಸಿ, ಕಾಂಕ್ರೀಟು ತುಂಬಿದ ಕಂಬ. ಮೇಲಿನ ಕೆಂಪು ಮಣ್ಣು, ಅದರ ಕೆಳಗಿನ ಜೇಡಿ, ಎಲ್ಲವನ್ನೂ ದಾಟಿ ಬಂಡೆಯಲ್ಲಿ ಕಾಲೂರುತ್ತದೆ. "ನೀನು ಮನೆ ಕಟ್ತಿದ್ದೀಯೋ ಹಲ್ಲು ಕಟ್ತಿದ್ದೀಯೋ?" ಎಂದು ಭಾವ ಗೇಲಿ ಮಾಡಿದರು. ಅಕ್ಕನಿಗೆ ಮಾತ್ರ ಎಲ್ಲ ತಿಳಿಯಬೇಕು. ಅವಳಿಗೆ ಅರಕಲಗೂಡಿನ ಬಸ್ಸಿನ ಉದಾಹರಣೆ ಕೊಟ್ಟೆ. ಬಸ್ಸಿನ ನಡುವೆ ನಿಂತವನನ್ನು ನಾಲ್ಕೂ ಕಡೆಯಿಂದ ಜನ ಹಿಡಿದಿರುತ್ತಾರೆ, ಅವನು ಬೀಳಬೇಕೆಂದರೂ ಬೀಳಲಾರ. ಸಮತಟ್ಟು ನೆಲದ ಪೈಲು ಹಾಗೆ. ಫುಟ್‌ಬೋರ್ಡಿನಲ್ಲಿ ನಿಂತವನಿಗೆ ಹಿಂದಿನಿಂದ ತಳ್ಳುವವರು ಇರುತ್ತಾರೆ, ಮುಂದೆ ತಡೆಯುವವರು ಇರುವುದಿಲ್ಲ. ಇಳಿಜಾರಿನ ಕೆಳ ಅಂಚಿನ ಪೈಲು ಹಾಗೆ. ಮೇಲಿನ ಮಣ್ಣು ತಳ್ಳುತ್ತಲೇ ಇರುತ್ತದೆ, ಕೆಳಗೆ ಆತುಕೊಳ್ಳಬೇಕಾದ ಮಣ್ಣು ಜಾಗ ಖಾಲಿ ಮಾಡುತ್ತಿರುತ್ತದೆ. "ಹಂಗಾರೆ ಫುಟ್‌ಬೋರ್ಡಿನ ಮೇಲೆ ಜಾಸ್ತಿ ಭಾರ ಹಾಕ್ಬಾರ್ದು" ಎಂದಳು ಅಕ್ಕ. ನನ್ನ ಜೊತೆ ಓದಿದ ಎಷ್ಟೋ ಜನರಿಗಿಂತ ಬೇಗ ತಿಳಿದುಕೊಂಡಳು.

ಪೈಲುಗಳೆಲ್ಲ ಮುಗಿದು ಗೋಡೆ ಏಳುತ್ತಿದ್ದಾಗ ಭಾವ ಹಾಸನದಿಂದ ವಾಸ್ತು ನೋಡುವವರೊಬ್ಬರನ್ನು ಕರೆತಂದರು. ಅವರು ದಿಕ್ಸೂಚಿ ಹಿಡಿದು ಒಂದು ಸುತ್ತು ಬಂದು ಮುಖ ಸಣ್ಣದು ಮಾಡಿದರು. ನಮ್ಮ ಜಾಗ ಈಶಾನ್ಯದಲ್ಲಿ ಎತ್ತರ, ನೈಋತ್ಯದಲ್ಲಿ ತಗ್ಗು. ಇರಬೇಕಾದದ್ದು ಅದರ ತಿರುಗುಮುರುಗು. ಪರಿಹಾರ ಏನೆಂದರೆ, ನೈಋತ್ಯದ ಮೂಲೆಗೆ ಮಣ್ಣು ತುಂಬಿ ಎತ್ತರಿಸಿ, ಅದರ ಮೇಲೆ ಯಜಮಾನ ಮಲಗುವ ಕೋಣೆ ಬರುವಂತೆ ಮಾಡಬೇಕು. ನೈಋತ್ಯ ಅಂದರೆ ಇಳಿಜಾರಿನ ಕೆಳ ಅಂಚು. ಫುಟ್‌ಬೋರ್ಡು.

ನಾನು ಕೂಗಾಡಿದೆ. "ಭಾವ, ಇಳಿಜಾರಿನ ಮೇಲೆ ಭಾರ ಹೇರಿದ್ರೆ ಅದು ಕೆಳಗೆ ಕಾಲು ಚಾಚುತ್ತೆ!"

"ಮತ್ತೆ ಇಷ್ಟೊಂದು ಪೈಲು ಹಾಕಿದ್ದು ಯಾಕೆ? ಶೋಕಿಗಾ?" ಎಂದರು ಭಾವ.

ಅಕ್ಕ ಅರ್ಧ ಎದ್ದ ಗೋಡೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನು ನೋಡಿದಳು. ಇದೊಂದು ಮುಗಿದರೆ ನನ್ನ ಮನೆಯಾಗುತ್ತದೆ, ಜಗಳ ಬೇಡ ಎಂಬ ಮುಖ. ನನ್ನ ಸಿಟ್ಟೆಲ್ಲ ಅಲ್ಲಿಗೆ ಇಳಿದುಹೋಯಿತು. ಕಲ್ಲಿನ ತಡೆಗೋಡೆಯೊಂದನ್ನು ಕಟ್ಟಿ ಮಣ್ಣು ತುಂಬಿ ಎಂದೆ. ಟಿಪ್ಪರ್ ಮೇಲೆ ಟಿಪ್ಪರ್ ಕೆಂಪು ಮಣ್ಣು ಬಂದು ಬಿತ್ತು. ಕೆಟ್ಟ ಕೆಲಸಕ್ಕೆ ಹೂಂ ಅನ್ನುವುದಕ್ಕೆ ಧೈರ್ಯ ಬೇಕಾಗಿಲ್ಲ, ಪ್ರೀತಿ ಸಾಕು.

ಗೃಹಪ್ರವೇಶವಾಗಿ ಎರಡು ತಿಂಗಳಿಗೆ ಚನ್ನರಾಯಪಟ್ಟಣದಲ್ಲಿ ಆ ಅಣ್ಣ ತೀರಿಕೊಂಡರು. ಪಕ್ಕದ ಬೀದಿಯಾದ್ದರಿಂದ ಮಣ್ಣಿಗೆ ನಾನೂ ಹೋಗಿದ್ದೆ. ತಮ್ಮನಿಗೆ ಹೇಳಿಕಳಿಸಿದ್ದರಂತೆ. ಮಕ್ಕಳು ಮಧ್ಯಾಹ್ನದವರೆಗೆ ಹೆಣ ಎತ್ತದೆ ಕಾದರು. ತಮ್ಮ ಬರಲಿಲ್ಲ.

ಮೊದಲ ವರ್ಷ ಏನೂ ಆಗಲಿಲ್ಲ. ಎರಡನೆಯ ವರ್ಷ ಮೇಲಿನ ನಾಲೆಗೆ ನೀರು ಬಿಟ್ಟು ಹದಿನೈದು ದಿನವಾಗಿತ್ತು, ಅಕ್ಕ ಫೋನು ಮಾಡಿದಳು. "ಲೇ, ನಮ್ಮ ರೂಮಿನ ಬಾಗ್ಲು ತಾನೇ ತಕ್ಕೊತದೆ ಕಣೋ." ಬೀಗದ ನಾಲಿಗೆ ಸವೆದಿರಬೇಕು ಎಂದೆ. ಒಂದು ವಾರಕ್ಕೆ ಮತ್ತೆ ಫೋನು. "ನೆಟಿಗೆ ಮುರಿದಂಗೆ ಸದ್ದು ಬತ್ತದೆ. ಗೋಡೆ ಒಳಗಿಂದ." ಆಗ ಮಾತ್ರ ಬೈಕು ಹತ್ತಿದೆ.

ನಾನು ಹೋದಾಗ ಭಾವ ಹೊಳೆನರಸೀಪುರಕ್ಕೆ ಹೋಗಿದ್ದರು. ಊಟ ಮುಗಿಸಿ ಆ ನೈಋತ್ಯದ ಕೋಣೆಯಲ್ಲಿ ಚಾಪೆ ಹಾಕಿಕೊಂಡು ಒರಗಿದೆ. ಅಕ್ಕ ಬಾಗಿಲ ಹತ್ತಿರ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಹೊರಗೆ ಬಿಳಿಬಿಸಿಲು. ಎಲೆ ಅಲ್ಲಾಡುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆಯೊಳಗೆ ಟಕ್ ಎಂದಿತು. ಸರಿಯಾಗಿ ಯಾರೋ ಬೆರಳಿನ ನೆಟಿಗೆ ತೆಗೆದ ಹಾಗೆ. ಮತ್ತೊಂದು. ಆಮೇಲೆ ನಾನೇ ಮುಚ್ಚಿದ್ದ ಬಾಗಿಲು ಚಿಲಕ ಬಿಟ್ಟುಕೊಂಡು ನಿಧಾನವಾಗಿ ತೆರೆದು, ಅರ್ಧಕ್ಕೆ ಬಂದು ನಿಂತಿತು. ಎದ್ದು ಮುಚ್ಚಿದೆ. ಮತ್ತೆ ತೆರೆದು ಅದೇ ಜಾಗಕ್ಕೆ ಬಂದು ನಿಂತಿತು. ಒಳಗೆ ಬರುವವರು ಯಾರೂ ಇಲ್ಲದಿದ್ದರೂ ಯಾರೋ ಬರುವಷ್ಟು ಜಾಗ ಬಿಟ್ಟ ಹಾಗೆ.

"ದಿನಾ ಇಷ್ಟೊತ್ತಿಗೇ" ಎಂದಳು ಅಕ್ಕ, ಕಾಯಿ ಬಿಡಿಸುವುದನ್ನು ನಿಲ್ಲಿಸದೆ.

ನೆಲದ ಮಟ್ಟ ನೋಡುವ ರಸಮಟ್ಟವನ್ನು ಬ್ಯಾಗಿನಿಂದ ತೆಗೆದು ನೆಲದ ಮೇಲಿಟ್ಟೆ. ಒಳಗಿನ ಗುಳ್ಳೆ ನಾಲೆಯ ಕಡೆಗೆ ಓಡಿಹೋಗಿ ಅಂಚಿಗೆ ಅಂಟಿಕೊಂಡಿತು. ನೆಲ ಕೆಳಗಡೆಗೆ ವಾಲಿತ್ತು. ಬೆರಳಿನ ಗೆಣ್ಣಿನಿಂದ ಟೈಲು ಬಡಿದರೆ ಟೊಳ್ಳು ಸದ್ದು, ಕೋಣೆಯ ಉದ್ದಕ್ಕೂ. ತುಂಬಿದ ಮಣ್ಣು ನೆಲವನ್ನು ಬಿಟ್ಟು ಕೆಳಗೆ ಇಳಿದುಹೋಗಿತ್ತು. ಅಕ್ಕ ಮತ್ತು ಭಾವ ದಿನವೂ ಮಲಗುತ್ತಿದ್ದದ್ದು ಒಂದು ಖಾಲಿ ಜಾಗದ ಮೇಲೆ. ಮೂಲೆಯ ಬೀರುವನ್ನು ಸರಿಸಲು ಹೋದೆ. ಅಕ್ಕ ಧಡಕ್ಕನೆ ಎದ್ದು ಬಂದು ಅಡ್ಡ ನಿಂತಳು.

"ಅದು ಬ್ಯಾಡ."

ಅವಳನ್ನು ಪಕ್ಕಕ್ಕೆ ಸರಿಸಿ ಬೀರು ಎಳೆದೆ. ಸೂರಿನಿಂದ ನೆಲದವರೆಗೆ ಓರೆಯಾಗಿ ಒಂದು ಬಿರುಕು. ಅದಕ್ಕೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರು, ಅದು ಮತ್ತೆ ಬಿರಿದಿತ್ತು, ಮತ್ತೆ ಬಳಿದಿದ್ದರು. ಮೂರು ಪದರ ಬಣ್ಣದ ನಡುವಿನಿಂದ ಹೊರಗಿನ ಬಿಸಿಲು ಗೆರೆಯಾಗಿ ಒಳಗೆ ಬಿದ್ದಿತ್ತು.

"ಇದನ್ನ ಮುಚ್ಚಿಟ್ಕೊಂಡು ಮಲಗ್ತಿದ್ದೀರಲ್ಲ, ಬುದ್ಧಿ ಐತಾ ನಿಮಗೆ?" ಎಂದು ಚೀರಿದೆ. ಆಗ ಅಕ್ಕ ಅತ್ತಳು. ಅಳುತ್ತಲೇ ಹೇಳಿದಳು.

ತಿಂಗಳ ಹಿಂದೆ ಕೆಳಗಿನ ಮುದುಕರು ನಾಲ್ಕು ಜನರನ್ನು ಕಟ್ಟಿಕೊಂಡು ಬಂದಿದ್ದರಂತೆ. ಬಾಂದುಕಲ್ಲು ಮತ್ತೆ ಅವರ ಜಮೀನಿನೊಳಗೆ ಬಂದಿದೆ. ಒಂದು ಗೇಣು. ಅಂಗಳದಲ್ಲಿ ನಿಂತು, ಎಲ್ಲರೂ ಕೇಳುವ ಹಾಗೆ ಅಂದರಂತೆ: "ನಮ್ಮಣ್ಣನ ಜಮೀನು ಕೊಂಡ್ರಿ, ಅವನ ಬುದ್ದೀನೂ ಕೊಂಡ್ರಾ ಅವ್ವಾ? ಬಾಂದು ಕಿತ್ತೋರ ಮನೆ ನಿಲ್ಲಾಕಿಲ್ಲ. ನೋಡ್ತಿರಿ." ಅವತ್ತಿನಿಂದ ಹಾಲು ತರುತ್ತಿದ್ದವಳು ಬಾಗಿಲಿಗೆ ಬರುವುದನ್ನು ಬಿಟ್ಟಿದ್ದಳು. ಅಂಗಡಿಯಲ್ಲಿ ಅಕ್ಕನನ್ನು ಕಂಡರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು.

"ಈ ರೂಮು ಬಿಟ್ಟು ಎದ್ರೆ ಮನೆ ಬಿರಿದಿದೆ ಅಂತ ಊರಿಗೆಲ್ಲ ಸಾರಿದಂಗೆ ಕಣೋ. ಬಿರಿದಿದೆ ಅಂದ್ರೆ ಕಲ್ಲು ಕಿತ್ತಿದ್ದು ನಾನೇ ಅಂತಾಯ್ತು. ಬಾಡಿಗೆ ಮನೇಲಿ ಒಂದು ಮೊಳೆ ಹೊಡೆಯಕ್ಕೂ ಹೆದರ್ತಿದ್ದೋಳು ನಾನು. ಬೀಳೋದಾದ್ರೆ ನನ್ನ ಮೇಲೇ ಬೀಳ್ಲಿ, ನಾ ಏಳಲ್ಲ."

ಅಕ್ಕನ ಹಟ ನನಗೆ ಗೊತ್ತು. ಅವಳಿಗೆ ಹೇಳಿ ಹೇಳಿ ಭಾವ ಆಗಲೇ ಸೋತಿದ್ದರು. ಆ ಬಿರುಕು ಇನ್ನೊಂದು ಮಳೆ ತಡೆಯುವಂಥದ್ದಲ್ಲ. ಅವಳನ್ನು ಆ ಕೋಣೆಯಿಂದ ಎಬ್ಬಿಸಬೇಕಾದರೆ ಮೊದಲು ಅವಳ ಮೇಲಿನ ಅಪವಾದವನ್ನು ಎಬ್ಬಿಸಬೇಕಿತ್ತು.

ಹಿಂದಗಡೆ ಹೋದೆ. ನೈಋತ್ಯ ಮೂಲೆಯ ಪೈಲಿನ ತಲೆ ಬೀಮಿನ ಕೆಳಗೆ ಅರ್ಧ ಕಾಣುತ್ತಿತ್ತು. ಮೇಲ್ಗಡೆಯಲ್ಲಿ ಮಣ್ಣು ಅದಕ್ಕೆ ಒತ್ತಿಕೊಂಡು ದಿಬ್ಬವಾಗಿತ್ತು. ಕೆಳಗಡೆಯಲ್ಲಿ ಮಣ್ಣು ಪೈಲನ್ನು ಬಿಟ್ಟು ಹೋಗಿತ್ತು, ನಡುವೆ ಅಂಗೈ ಅಗಲದ ಸಂದು. ಎಷ್ಟು ಆಳ ನೋಡೋಣವೆಂದು ಕೈ ಇಳಿಬಿಟ್ಟೆ. ತೋಳಿನವರೆಗೆ ಹೋಯಿತು. ಹೊರಗೆ ಸುಡುವ ಬಿಸಿಲು, ಒಳಗೆ ತಣ್ಣಗೆ. ಪೈಲಿಗೆ ಬೆರಳು ತಾಗಿದಾಗ ಅದು ಒಳಗೊಳಗೇ ಸಣ್ಣಗೆ ಅದುರಿದ ಹಾಗಾಯಿತು. ಕೈಯನ್ನು ಗಕ್ಕನೆ ಎಳೆದುಕೊಂಡೆ. ತೂಕದಗುಂಡು ಇಳಿಬಿಟ್ಟರೆ ಪೈಲು ಕೆಳಗಡೆಗೆ ಎರಡು ಬೆರಳು ವಾಲಿತ್ತು. ಬಂಡೆಯಲ್ಲಿ ಕಾಲೂರಿಕೊಂಡು ಅದು ತಡೆಯುತ್ತಿತ್ತು. ನಾಲೆಯ ನೀರು ಬಸಿದು ನೆನೆದ ಸುತ್ತಲಿನ ಮಣ್ಣು ಮಾತ್ರ ಅದನ್ನು ದಾಟಿ ನಡೆದು ಹೋಗುತ್ತಿತ್ತು.

ಕಲ್ಲಿನ ಹತ್ತಿರ ಇಳಿದೆ. ಬಂಡೆಗಳಿಂದ ಟೇಪು ಹಿಡಿದರೆ ಮುದುಕರು ಹೇಳಿದ್ದು ನಿಜ. ಒಂದು ಗೇಣು. ಆದರೆ ಕಲ್ಲು ನೆಟ್ಟಗೆ ನಿಂತಿತ್ತು. ಬುಡದ ಗರಿಕೆ ಕಿತ್ತಿರಲಿಲ್ಲ, ಅಗೆದ ಗುರುತಿಲ್ಲ, ಹಸಿ ಮಣ್ಣಿಲ್ಲ. ಯಾರೂ ಮುಟ್ಟದೆ, ಗರಿಕೆಯನ್ನೂ ಇರುವೆ ಗೂಡನ್ನೂ ಜೊತೆಗೆ ಕರೆದುಕೊಂಡು ಅದು ನಡೆದು ಬಂದಿತ್ತು. ತಲೆಯೆತ್ತಿ ನೋಡಿದರೆ ಆ ಹೊಂಗೆ, ಬೇವುಗಳು ಬುಡ ಬಾಗಿಸಿಕೊಂಡು ನಿಂತಿದ್ದವು. ಗಾಳಿಗಂತೆ. ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸಿತು. ಆಮೇಲೆ ಇದ್ದಿಲು ನೆನಪಾಯಿತು.

ಮಾರನೆಯ ಬೆಳಿಗ್ಗೆ ಮುದುಕರ ಮನೆಗೆ ಹೋದೆ. ಅವರು ಕೊಟ್ಟಿಗೆ ಬಳಿಯುತ್ತಿದ್ದರು. ನನ್ನನ್ನು ಕಂಡರೂ ಪೊರಕೆ ಬಿಡಲಿಲ್ಲ.

"ಮಣ್ಣು ಸರಿಯುತ್ತಿದೆ ಅಂತ ನಾನು ಹೇಳಿದ್ರೆ ನೀವು ನಂಬಲ್ಲ" ಎಂದೆ. "ನಿಮ್ಮ ಗುದ್ದಲೀನೇ ತನ್ನಿ. ನಿಮ್ಮ ಕೈಯಾರ ಅಗೀರಿ. ಇದ್ದಿಲು ನಾವು ಇಟ್ಟ ಜಾಗದಲ್ಲೇ ಇದ್ರೆ ನನ್ನಕ್ಕ ಕಳ್ಳಿ, ನಾನೇ ಊರು ಕರೆದು ಹೇಳ್ತೀನಿ. ಕಲ್ಲಿನ ಕೆಳಗಿದ್ರೆ ನೀವು ಹೇಳ್ಬೇಕು."

ಅವರಿಗೆ ಅದು ಹಿಡಿಸಿತು. ಅಂದು ಜೊತೆಗೆ ಬಂದಿದ್ದ ನಾಲ್ಕು ಜನರನ್ನೂ ಕೂಗಿ ಕರೆದುಕೊಂಡರು. ಅಕ್ಕ ಮೇಲೆ ತಡೆಗೋಡೆಯ ಹತ್ತಿರ ನಿಂತುಕೊಂಡಳು, ಸೆರಗನ್ನು ಎರಡೂ ಕೈಯಲ್ಲಿ ಹಿಡಿದು.

ಮೊದಲು, ಅಂದು ನಾವು ಕಲ್ಲು ನೆಟ್ಟಿದ್ದ ಜಾಗ. ಬಂಡೆಗಳಿಂದ ಅಳೆದು ನಾನು ಗೂಟ ಹೊಡೆದೆ. ಮೊಣಕಾಲುದ್ದ ಅಗೆದರು. ಕೆಂಪು ಮಣ್ಣು, ಬೇರು, ಮತ್ತೆ ಕೆಂಪು ಮಣ್ಣು. ಕರಿ ಅನ್ನುವ ಒಂದು ಚೂರಿಲ್ಲ. ಮುದುಕರು ಬೆವರು ಒರೆಸಿಕೊಂಡು ಕಲ್ಲಿನ ಬುಡಕ್ಕೆ ಬಂದರು. ಕಲ್ಲನ್ನು ಅಲ್ಲಾಡಿಸಿ ಅಲ್ಲಾಡಿಸಿ ಎತ್ತಿ ಮಲಗಿಸಿದರು. ಗುಂಡಿಯ ತಳದಲ್ಲಿ ಇದ್ದಿಲು ಇತ್ತು. ಅವರು ಬೊಗಸೆಯಿಂದ ಸುರಿದಾಗ ಹೇಗೆ ಹರಡಿತ್ತೋ ಹಾಗೇ, ಒಂದು ತುಂಡೂ ಆಚೀಚೆ ಆಗದೆ.

ಮುದುಕರು ಗುಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅದನ್ನು ಮುಟ್ಟಿ ನೋಡಿದರು. ನೆಲಕ್ಕೆ ಅಂಗೈ ಒತ್ತಿ ಸ್ವಲ್ಪ ಹೊತ್ತು ಹಾಗೇ ಇದ್ದರು, ದನದ ಹೊಟ್ಟೆಯೊಳಗೆ ಕರು ಆಡುತ್ತದೋ ಎಂದು ನೋಡುವವರ ಹಾಗೆ. ಆಮೇಲೆ ಅಕ್ಕನ ಕಡೆ ತಿರುಗಿ ಕೈ ಮುಗಿದರು. "ತೆಪ್ಪಾಯ್ತು ಕಣವ್ವ. ನೀ ಕಿತ್ತಿಲ್ಲ. ನೆಲಾನೇ ನಡೀತಾ ಐತೆ." ನಾಲ್ಕು ಜನರೂ ಹೂಂಗುಟ್ಟಿದರು. ಅಕ್ಕ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟಳು. ನಾನು ಗೆದ್ದೆ ಅಂದುಕೊಂಡೆ.

ಅವರು ಮಾತ್ರ ಏಳಲಿಲ್ಲ. ಒಂದು ತುಂಡು ಇದ್ದಿಲು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಸಾ, ಆವತ್ತು ನೀವೆಲ್ಲ ಇದ್ದಾಗ ಕಲ್ಲು ಕಿತ್ತೆನಲ್ಲ. ಆಗ್ಲೂ ಇದ್ದಿಲು ಕಲ್ಲಿನ ಕೆಳಗೇ ಇತ್ತಲ್ವಾ?"

"ಹೌದು" ಎಂದೆ.

"ನಾನೇ ಬೊಗಸೇಲಿ ಎತ್ತಿದ್ನಲ್ವಾ?"

"ಹೌದು ಯಜಮಾನ್ರೇ."

"ಅಂಗಾರೆ ನಮ್ಮಣ್ಣನೂ ಕಿತ್ತಿರ್ನಿಲ್ಲ."

ಅವರು ಲೆಕ್ಕ ಹಾಕುವವರಂತೆ ನಿಧಾನವಾಗಿ ಅಂದರು: "ಆವತ್ತು ಅವನು ಬದುಕಿದ್ದ ಸಾ. ನೀವು ಓದಿದೋರು. ಆವತ್ತೇ ಒಂದು ಮಾತು ಏಳಿದ್ರೆ ನಾನು ಬಸ್ ಅತ್ತಿ ಓಗ್ತಿದ್ದೆ." ಬೈಗುಳವಿರಲಿಲ್ಲ ಅದರಲ್ಲಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಗ ನನ್ನಿಂದ ತಡೆಯಲಾಗಲಿಲ್ಲ. ರಿಜಿಸ್ಟ್ರಿಯ ದಿನ ಅವರಣ್ಣ ನನ್ನ ಮೊಣಕೈ ಹಿಡಿದು ಹೇಳಿದ್ದನ್ನು ಹೇಳಿಬಿಟ್ಟೆ. ಹೇಳುವುದಾಗಿ ಒಪ್ಪಿಕೊಂಡು ಹೇಳದೆ ಇದ್ದದ್ದನ್ನೂ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

"ಅವನ ಮಣ್ಣಿಗೂ ಓಗ್ನಿಲ್ಲ ನಾನು" ಎಂದರು.

ಅಕ್ಕ ಅವತ್ತೇ ಸಂಜೆ ಹಾಸಿಗೆ ಎತ್ತಿಕೊಂಡು ಮುಂದಿನ ಕೋಣೆಗೆ ಬಂದಳು. ತುಂಬಿದ ಮಣ್ಣನ್ನೆಲ್ಲ ತೆಗೆಸಿದೆ, ನೈಋತ್ಯದ ಕೋಣೆಯನ್ನು ಕೆಡವಿಸಿದೆ. ವಾಸ್ತುವಿನ ಬಗ್ಗೆ ಭಾವ ತುಟಿ ಬಿಚ್ಚಲಿಲ್ಲ. ಉಳಿದ ಮನೆ ನಿಂತಿದೆ. ಹಾಲಿನವಳು ಮತ್ತೆ ಬಾಗಿಲಿಗೆ ಬರುತ್ತಾಳೆ. ಹಿಂದೆ ಬಯಲಿನಲ್ಲಿ ಆರು ಪೈಲುಗಳು ಮಾತ್ರ ಮೊಣಕಾಲೆತ್ತರಕ್ಕೆ ತಲೆ ಎತ್ತಿಕೊಂಡು, ಎಲ್ಲವೂ ಗದ್ದೆಯ ಕಡೆಗೆ ವಾಲಿಕೊಂಡು ನಿಂತಿವೆ. ಮಧ್ಯಾಹ್ನದ ಹೊತ್ತು ಅಲ್ಲಿ ಒಬ್ಬನೇ ನಿಲ್ಲಲು ನನಗೆ ಇಂದಿಗೂ ಆಗುವುದಿಲ್ಲ.

ನಾಲೆಗೆ ನೀರು ಬಿಟ್ಟ ಮೇಲೆ ಪ್ರತಿ ವರ್ಷ ಹೋಗಿ ಪೈಲುಗಳಿಗೆ ತೂಕದಗುಂಡು ಇಳಿಬಿಟ್ಟು ನೋಡುತ್ತೇನೆ. ಬಾಂದುಕಲ್ಲನ್ನು ಸರಿಯಾದ ಜಾಗಕ್ಕೆ ನೆಡಿಸೋಣ ಎಂದರೆ ಮುದುಕರು ಒಪ್ಪಲಿಲ್ಲ. "ಬುಡಿ ಸಾ, ಅದು ಎಲ್ಲೀಗಂಟ ಓಯ್ತದೋ ಓಗ್ಲಿ" ಎಂದು, ಅದು ನಿಂತಿದ್ದಲ್ಲೇ ಇದ್ದಿಲಿನ ಮೇಲೆ ನಿಲ್ಲಿಸಿದರು. ಅದು ಹೋಗುತ್ತಲೇ ಇದೆ. ಭಾರ ತೆಗೆದ ಮೇಲೆ ನಿಧಾನವಾಗಿದೆ ಅಷ್ಟೆ.

ನಾನು ಅಳೆಯುವಾಗ ಅವರು ಬಂದು ಪಕ್ಕದಲ್ಲಿ ಕೂರುತ್ತಾರೆ. ಎಷ್ಟು ಸರಿದಿದೆ ಎಂದು ಒಂದು ಸಲವೂ ಕೇಳಿಲ್ಲ. ಟೇಪು ಸುತ್ತಿ ಬ್ಯಾಗಿಗೆ ಹಾಕಿಕೊಂಡು ನಾನು ಏಳುವ ಹೊತ್ತಿಗೆ ಮಾತ್ರ ನನ್ನ ಮೊಣಕೈ ಹಿಡಿಯುತ್ತಾರೆ.

"ನಮ್ಮಣ್ಣ ಏನಂದ ಅಂತ ಇನ್ನೊಂದ್ಸಲ ಏಳಿ ಸಾ."

ನಾನು ಒಂದಕ್ಷರ ಬಿಡದೆ ಹೇಳುತ್ತೇನೆ.